ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ

‘ಡಾಕ್ಟರ, ನಸುಕಿನ್ಯಾಗ ಗ್ಯಾಸ್ ವಾಸನಿ ಬಂತ್ರಿ. ಎಲ್ಲಿಂದ ಅಂತ ನೋಡಾಕ ಲೈಟ್ ಹಾಕಿದೆ...’

ಮುಖ ಕಂದಿ, ಎರಡೂ ಕೈಗಳಿಗೆ ಟೂತ್‌ಪೇಸ್ಟ್ ಬಳಿದುಕೊಂಡು ಬಂದಿದ್ದ ಗೃಹಿಣಿಯೊಬ್ಬರು ಹೇಳಿದ ಮಾತಿದು. ಅವರು ಬದುಕಿದ್ದು ಪುಣ್ಯ. ಅವರ ಜಾಗದಲ್ಲಿ ನೀವಿದ್ದರೂ ಬಹುಶಃ ಹಾಗೆಯೇ ಮಾಡುತ್ತಿದ್ದಿರಿ.

2024ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯ ಉಣಕಲ್ ಬಳಿಯ ಸಾಯಿನಗರದಲ್ಲಿ ರಾತ್ರಿ ಮಲಗಿದ್ದ ಅಯ್ಯಪ್ಪ ಮಾಲಾಧಾರಿಗಳು ಸಿಲಿಂಡರಿನಿಂದ ಸೋರಿದ ಗ್ಯಾಸಿಗೆ ಬೆಂಕಿ ತಗುಲಿ ಸುಟ್ಟುಕೊಂಡರು. ಕಿಮ್ಸ್ ಸೇರಿದ 9 ಜನರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಅಲ್ಲಿ ಬೆಂಕಿ ತಗುಲಿದ್ದು ದೀಪದಿಂದ ಎಂದು ವರದಿಯಾಗಿತ್ತು. ದೀಪವಿರಲಿ, ಸ್ವಿಚ್ಚಿನ ಕಿಡಿಯಿರಲಿ, ಗ್ಯಾಸಿಗೆ ಎರಡೂ ಒಂದೇ.

ಕಿಡಿ ಎಲ್ಲಿಂದ?

ಸ್ವಿಚ್ ಹಾಕುವಾಗಲೂ ತೆಗೆಯುವಾಗಲೂ ಅದರೊಳಗೆ ಸಣ್ಣ ಕಿಡಿ ಹಾರುತ್ತದೆ. ಫ್ರಿಜ್ ತಾನಾಗಿಯೇ ಚಾಲೂ ಆಗುವಾಗಲೂ ಅಷ್ಟೇ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ಮೂಲೆಯಲ್ಲಿ ನಿಲ್ಲುತ್ತದೆ. ನೂರು ಭಾಗ ಗಾಳಿಯಲ್ಲಿ ಸುಮಾರು 2 ಭಾಗ ಸೇರಿದರೂ ಹೊತ್ತಿಕೊಳ್ಳಲು ಸಾಕು.

ಪೆಟ್ರೋಲ್ ಬಂಕು, ಗ್ಯಾಸ್ ತುಂಬುವ ಘಟಕಗಳಲ್ಲಿ ಇದಕ್ಕಾಗಿಯೇ ‘ಫ್ಲೇಮ್‌ಪ್ರೂಫ್’ ಉಪಕರಣಗಳಿರುತ್ತವೆ. ಅವುಗಳ ದಪ್ಪ ಲೋಹದ ಪೆಟ್ಟಿಗೆಯೊಳಗೆ ಗ್ಯಾಸ್ ಸ್ಫೋಟಿಸಿದರೂ, ಕಿರಿದಾದ ಸಂದಿಯಿಂದ ಹೊರಬರುವಷ್ಟರಲ್ಲಿ ಜ್ವಾಲೆ ತಣ್ಣಗಾಗಿ ಹೊರಗಿನ ಗ್ಯಾಸಿಗೆ ತಗುಲುವುದಿಲ್ಲ. ನಮ್ಮ ಮನೆಯ ಪ್ಲಾಸ್ಟಿಕ್ ಸ್ವಿಚ್ಚಿಗೆ ಆ ರಕ್ಷಣೆಯಿಲ್ಲ.

ಗ್ಯಾಸಿಗೆ ಸ್ವಂತ ವಾಸನೆಯೂ ಇಲ್ಲ. ಎಚ್ಚರಿಕೆಗೆಂದು ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ನೆಗಡಿಯಾದವರಿಗೆ, ವಯಸ್ಸಾದವರಿಗೆ ಅದು ತಿಳಿಯದೇ ಹೋಗಬಹುದು. ಆದ್ದರಿಂದ ರಾತ್ರಿ ಮಲಗುವ ಮುನ್ನ ರೆಗ್ಯುಲೇಟರ್ ಬಂದ್ ಮಾಡುವುದನ್ನು ರೂಢಿಸಿಕೊಳ್ಳಿ.

ಏನು ಮಾಡಬೇಕು?

* ಲೈಟ್, ಫ್ಯಾನ್, ಎಕ್ಸಾಸ್ಟ್ ಯಾವುದನ್ನೂ ಹಾಕಬೇಡಿ, ಹಾಕಿದ್ದನ್ನು ತೆಗೆಯಲೂಬೇಡಿ.
* ದೇವರ ದೀಪ, ಕಡ್ಡಿಪೆಟ್ಟಿಗೆ, ಲೈಟರ್ ಹಚ್ಚಬೇಡಿ.
* ಕಿಟಕಿ ಬಾಗಿಲು ತೆರೆಯಿರಿ. ಕೈಗೆ ಸಿಗುವಂತಿದ್ದರೆ ರೆಗ್ಯುಲೇಟರ್ ಬಂದ್ ಮಾಡಿ.
* ಎಲ್ಲರನ್ನೂ ಹೊರಗೆ ಕರೆತನ್ನಿ. ಮೇನ್ ಸ್ವಿಚ್ ಮನೆಯ ಹೊರಗೆ, ದೂರದಲ್ಲಿದ್ದರೆ ಮಾತ್ರ ತೆಗೆಯಿರಿ.
* ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ.

ಸುಟ್ಟರೆ?

ಸುಟ್ಟ ಭಾಗವನ್ನು 20 ನಿಮಿಷ ನಳದ ನೀರಿನ ಕೆಳಗೆ ಹಿಡಿಯಿರಿ. ಬಳೆ, ಉಂಗುರ ಬೇಗ ತೆಗೆಯಿರಿ. ಬಾವು ಬಂದ ಮೇಲೆ ಅವು ಬರುವುದಿಲ್ಲ. ಚರ್ಮಕ್ಕೆ ಅಂಟಿದ ಬಟ್ಟೆ ಕೀಳಬೇಡಿ. ಟೂತ್‌ಪೇಸ್ಟ್, ಇಂಕು, ತುಪ್ಪ, ಬೆಣ್ಣೆ ಬೇಡವೇ ಬೇಡ. ಸ್ವಚ್ಛ ಬಟ್ಟೆ ಹೊದಿಸಿದರೆ ಸಾಕು.

ಮುಖ ಸುಟ್ಟಿದ್ದರೆ, ಮೂಗಿನ ಕೂದಲು ಕರಟಿದ್ದರೆ, ಧ್ವನಿ ಗೊಗ್ಗರಾಗಿದ್ದರೆ ನಮ್ಮಂಥ ಸಣ್ಣ ದವಾಖಾನೆಗೆ ಬಂದು ಸಮಯ ಕಳೆಯಬೇಡಿ. ಕೆಲವೇ ತಾಸುಗಳಲ್ಲಿ ಗಂಟಲು ಬಾತು ಉಸಿರು ಕಟ್ಟಬಹುದು. 108ಕ್ಕೆ ಕರೆ ಮಾಡಿ, ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ.

ಇಂದು ರಾತ್ರಿ ಊಟಕ್ಕೆ ಕೂತಾಗ ಮಕ್ಕಳಿಗೂ ಹಿರಿಯರಿಗೂ ಈ ಮಾತು ಹೇಳಿಡಿ: ವಾಸನೆ ಬಂದರೆ ಮೊದಲು ಬಾಗಿಲು ತೆರೆಯಿರಿ, ಸ್ವಿಚ್ ಮುಟ್ಟಬೇಡಿ.