ಹೂವಿಗೆ ಕಾನೂನುಂಟು, ಹುಲ್ಲಿಗೆ ಯಾರು?

ಮುನ್ನಾರಿನ ಬೆಟ್ಟಗಳಲ್ಲಿ 2018ರಲ್ಲಿ ಅರಳಿದ ನೀಲಕುರಿಂಜಿಯ ಮುಂದಿನ ತಲೆಮಾರು ಈಗ ಹುಲ್ಲಿನ ನಡುವೆ ಹೂವಿಲ್ಲದ ಹಸಿರು ಪೊದೆಯಾಗಿ ನಿಂತಿದೆ. ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಡುವ ಈ ಗಿಡವನ್ನು ನೋಡಲು 2030ರವರೆಗೆ ಅಲ್ಲಿಗೆ ಜನ ಬರುವುದಿಲ್ಲ, ಕ್ಯಾಮೆರಾಗಳೂ ಬರುವುದಿಲ್ಲ. ಆದರೆ ಅದರ ಅಳಿವು ಉಳಿವು ತೀರ್ಮಾನವಾಗುವುದು ಯಾರೂ ನೋಡದ ಈ ವರ್ಷಗಳಲ್ಲೇ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2024ರಲ್ಲಿ ನೀಲಕುರಿಂಜಿಯನ್ನು ತನ್ನ ಕೆಂಪು ಪಟ್ಟಿಯಲ್ಲಿ, ಅಪಾಯಕ್ಕೆ ಸಿಲುಕಬಹುದಾದ ಪ್ರಭೇದಗಳ ಸಾಲಿಗೆ ಸೇರಿಸಿತು. ಅದಕ್ಕೂ ಮೊದಲೇ, 2022ರ ತಿದ್ದುಪಡಿಯಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೂರನೇ ಪರಿಚ್ಛೇದಕ್ಕೆ ಅದರ ಹೆಸರು ಸೇರಿದೆ. ಹೂ ಕಿತ್ತರೆ, ಗಿಡ ಬುಡಮೇಲು ಮಾಡಿದರೆ ಶಿಕ್ಷೆಯಿದೆ. ಸಂತೋಷವೇ. ಆದರೆ ಕುರಿಂಜಿಗೆ ದೊಡ್ಡ ಕುತ್ತು ಬಂದಿರುವುದು ಕೀಳುವ ಕೈಗಳಿಂದಲ್ಲ, ಅದು ನಿಂತ ಹುಲ್ಲುಗಾವಲಿಗೆ ನಾವು ಬೆಲೆಯನ್ನೇ ಕಟ್ಟದಿರುವುದರಿಂದ.

ಗಿಡದ ಬದುಕನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ನಮ್ಮ ಕನಕಾಂಬರ, ಆಡುಸೋಗೆಗಳ ಕುಟುಂಬಕ್ಕೇ ಸೇರಿದ ಕುರಿಂಜಿ ಸಾಮಾನ್ಯವಾಗಿ ಎರಡಡಿಯ ಆಸುಪಾಸಿನ ಪೊದೆ. ಎಲೆಯಂಚು ಗರಗಸದ ಹಲ್ಲಿನಂತೆ, ತೆನೆಯಲ್ಲಿ ಒತ್ತಾಗಿ ಬಿಡುವ ನೀಲಿನೇರಳೆ ಹೂ ಗಂಟೆಯಾಕಾರ. ಸುಮಾರು 1,340ರಿಂದ 2,600 ಮೀಟರ್ ಎತ್ತರದ, ಮರವಿಲ್ಲದ, ಗಾಳಿ ಬಡಿಯುವ ಇಳಿಜಾರೇ ಅದರ ಮನೆ. ಇಡೀ ಗುಡ್ಡದ ಗಿಡಗಳೆಲ್ಲ ಒಟ್ಟಿಗೆ ಹೂ ಬಿಡುತ್ತವೆ, ತುಡುವೆ ಜೇನು ಮುತ್ತುತ್ತದೆ, ಕಾಯಿ ಒಣಗಿ ಸಿಡಿಯುತ್ತದೆ, ತಾಯಿಗಿಡ ಸಾಯುತ್ತದೆ. ಸಿಡಿದ ಬೀಜ ಬೀಳುವುದು ಹತ್ತಿರದಲ್ಲೇ; ಕಣಿವೆ ದಾಟಿ ಇನ್ನೊಂದು ಬೆಟ್ಟಕ್ಕೆ ಹೋಗಲು ಅದಕ್ಕೆ ರೆಕ್ಕೆಯಿಲ್ಲ. ಹಾಗಾಗಿ ಒಂದೊಂದು ಬೆಟ್ಟದ ನೆತ್ತಿಯೂ ಅದಕ್ಕೊಂದು ದ್ವೀಪ. ಅಲ್ಲಿಯ ಹುಲ್ಲು ಹೋದರೆ ಪಕ್ಕದ ಬೆಟ್ಟದಿಂದ ಗಿಡ ತಾನಾಗಿ ಬಂದು ನೆಲೆಯೂರುವುದು ಕಷ್ಟ. ಗುಡ್ಡವೆಲ್ಲ ನೀಲಿಯಾಗುವಷ್ಟು ಅರಳುವ ಗಿಡಕ್ಕೆ ಎಂಥ ಅಪಾಯ ಎಂದು ಕೇಳುವವರಿದ್ದಾರೆ. ಕಣ್ಣಿಗೆ ಕಾಣುವ ಆ ರಾಶಿಯೆಲ್ಲ ಒಂದೇ ತಲೆಮಾರು. ಹಿಂದಿನದು ಸತ್ತಿದೆ, ಮುಂದಿನದು ಇನ್ನೂ ಬೀಜ. ಹೂಬಿಟ್ಟ ವರ್ಷದ ರಾಶಿಯನ್ನು ನೋಡಿ ಲೆಕ್ಕ ಹಾಕುವುದು ಸುಗ್ಗಿಯ ದಿನದ ಕಣವನ್ನು ನೋಡಿ ರೈತನ ಸಿರಿತನ ಅಳೆದಂತೆ.

ಚಾಮರಾಜನಗರದವರಿಗೆ ಈ ಬೆಟ್ಟಗಳು ದೂರದವಲ್ಲ. ಪಟ್ಟಣದ ಪಕ್ಕದ ಹರದನಹಳ್ಳಿಯ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ. ನೈಋತ್ಯಕ್ಕೆ ಗುಂಡ್ಲುಪೇಟೆ ದಾಟಿದರೆ 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಅದರಾಚೆ ಮೋಯಾರ್ ಕಣಿವೆ, ಕಣಿವೆಯ ಆ ಬದಿಗೆ ನೀಲಗಿರಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ತೋಡರನ್ನು ಬೆದರಿಸಿ ನೀಲಾದ್ರಿಯನ್ನು ಹಿಡಿದ ಸಂಗತಿ 1117ರ ಶಾಸನದಲ್ಲಿದೆ, ಆ ಶಾಸನವಿರುವುದು ಚಾಮರಾಜನಗರದಲ್ಲೇ. ಎಮ್ಮೆ ಸಾಕುವ ತೋಡರಿಗೆ ನೀಲಗಿರಿಯ ಹುಲ್ಲೇ ಜೀವಾಳ. ಅಂದರೆ ಈ ಹುಲ್ಲುಗಾವಲು ಕಾಡು ಕಡಿದು ಮಾಡಿದ ಬಯಲಲ್ಲ, ತೋಟ ಬಂದದ್ದರಿಂದ ಉಳಿದ ಬರಡೂ ಅಲ್ಲ. ಬ್ರಿಟಿಷರು ಬೆಟ್ಟ ಹತ್ತುವುದಕ್ಕೆ ಎಷ್ಟೋ ಶತಮಾನ ಮೊದಲೇ ಅಲ್ಲಿ ಹುಲ್ಲಿತ್ತು, ತಗ್ಗಿನಲ್ಲಿ ಶೋಲಾ ಕಾಡಿತ್ತು, ಎರಡನ್ನೂ ಬಲ್ಲ ಜನರಿದ್ದರು.

19ನೇ ಶತಮಾನದಿಂದ ಈಚೆಗೆ ಆ ಹುಲ್ಲನ್ನು ಖಾಲಿ ಜಾಗವೆಂದೇ ನೋಡಲಾಯಿತು. ಚಹಾ ಬಂತು, ಆಲೂಗಡ್ಡೆ ಬಂತು, ಸೌದೆಗೆ ನೀಲಗಿರಿ ಮರ, ಚರ್ಮ ಹದ ಮಾಡುವ ತೊಗಟೆಗೆ ವ್ಯಾಟಲ್, ಆಮೇಲೆ ಪೈನ್. ಸ್ವಾತಂತ್ರ್ಯಾನಂತರ ಅರಣ್ಯ ಇಲಾಖೆಗಳೇ ಇದನ್ನು ಇನ್ನಷ್ಟು ದೊಡ್ಡದಾಗಿ ಮುಂದುವರಿಸಿದವು. ನೀಲಗಿರಿಯ ದಕ್ಷಿಣದ ಪಳನಿ ಬೆಟ್ಟಗಳ ಉಪಗ್ರಹ ಚಿತ್ರಗಳನ್ನು ಹೋಲಿಸಿದ ವಿಜ್ಞಾನಿಗಳು, 1973ರಿಂದ 2014ರೊಳಗೆ ಅಲ್ಲಿನ ಹುಲ್ಲುಗಾವಲಿನ ಮೂರರಲ್ಲಿ ಎರಡು ಪಾಲು ಮಾಯವಾಗಿದೆ ಎಂದು ತೋರಿಸಿದ್ದಾರೆ. ವ್ಯಾಟಲ್ ನೆಟ್ಟಲ್ಲಿ ನಿಲ್ಲುವ ಮರವಲ್ಲ. ಅದರ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದಿರುತ್ತದೆ. ಕಡಿದರೂ ಬೆಂಕಿ ಬಿದ್ದರೂ ಮತ್ತೆ ಮೊಳೆತು ಪಕ್ಕದ ಹುಲ್ಲಿಗೆ ಹಬ್ಬುತ್ತದೆ. ಬಿಸಿಲು ಬೇಡುವ ಕುರಿಂಜಿಗೆ ಅದರ ನೆರಳಲ್ಲಿ ಬಾಳಿಲ್ಲ.

ಮರ ಬೆಳೆದರೆ ಒಳ್ಳೆಯದಲ್ಲವೇ, ಮಳೆಗೂ ನೀರಿಗೂ ಮರವೇ ಆಧಾರವಲ್ಲವೇ ಎಂಬುದು ಅತ್ಯಂತ ಪ್ರಾಮಾಣಿಕ ಆಕ್ಷೇಪ; ಶಾಲೆಯಿಂದಲೂ ನಾವು ಕಲಿತದ್ದು ಅದನ್ನೇ. ಇದಕ್ಕೆ ಉತ್ತರ ನಮ್ಮ ಕಣ್ಣಳತೆಯ ಬೆಟ್ಟದಲ್ಲೇ ಸಿಕ್ಕಿದೆ. ನೀಲಗಿರಿಯ ಗ್ಲೆನ್‌ಮಾರ್ಗನ್‌ನಲ್ಲಿ ಊಟಿಯ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಕೇಂದ್ರದವರು ಹುಲ್ಲಿನ ಜಲಾನಯನವೊಂದರಲ್ಲಿ ನೀಲಗಿರಿ ಮರ ನೆಟ್ಟು, ಪಕ್ಕದ ಹುಲ್ಲನ್ನು ಹಾಗೇ ಬಿಟ್ಟು, ಎರಡರಿಂದಲೂ ಹರಿಯುವ ನೀರನ್ನು ವರ್ಷಗಟ್ಟಲೆ ಅಳೆದರು. ಮೊದಲ ಹತ್ತು ವರ್ಷದ ಸರದಿಯಲ್ಲಿ ಮರದ ಕಡೆಯ ನೀರು ಶೇ 16ರಷ್ಟು ಕಡಿಮೆಯಾಯಿತು. ಮರ ಕಡಿದು ಬುಡದಿಂದ ಚಿಗುರಲು ಬಿಟ್ಟ ಎರಡನೇ ಸರದಿಯಲ್ಲಿ ಸುಮಾರು ಶೇ 25ರಷ್ಟು. ಬೋಳುಗುಡ್ಡ ಎಂದು ನಾವು ಕರೆಯುವುದು ಬೇಸಿಗೆಯಲ್ಲೂ ತೊರೆಗೆ ನೀರು ಬಿಡುವ ನೆಲ. ಅರಣ್ಯೀಕರಣದ ಗುರಿ ಮುಟ್ಟಲು ಅಲ್ಲಿ ಗುಂಡಿ ತೋಡುವುದು ಬೆಟ್ಟದ ಕೆಳಗಿನ ಊರುಗಳ ನೀರಿಗೆ ಕೈ ಹಾಕಿದಂತೆ.

ಬಂಡೀಪುರ, ಬಿಳಿಗಿರಿ ಎರಡೂ ಹುಲಿ ಸಂರಕ್ಷಿತ ಪ್ರದೇಶಗಳು, ಇನ್ನೇನು ಬೇಕು ಎನ್ನುವವರಿಗೂ ಉತ್ತರ ಹೇಳಬೇಕು. ಗಡಿ ಎಳೆದ ಮಾತ್ರಕ್ಕೆ ಒಳಗಿನ ನೆಲ ಬದಲಾಗದೆ ಉಳಿಯುವುದಿಲ್ಲ. ಕೇರಳ ಸರ್ಕಾರ ಇಡುಕ್ಕಿಯಲ್ಲಿ 32 ಚದರ ಕಿಲೋಮೀಟರಿನ ಕುರಿಂಜಿಮಲ ಅಭಯಾರಣ್ಯವನ್ನು 2006ರಲ್ಲೇ ಘೋಷಿಸಿದರೂ ಗಡಿಯ ತಕರಾರು ವರ್ಷಾನುಗಟ್ಟಲೆ ಎಳೆಯಿತು. ಬಿಳಿಗಿರಿಯ ಪಾಠ ಇನ್ನೂ ಹತ್ತಿರದ್ದು. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಕಾಡಿನ ನಿವಾಸಿಗಳಾದ ಸೋಲಿಗರ ತರಗು ಬೆಂಕಿ ನಿಂತಿತು. ಬೇಸಿಗೆ ಏರುವ ಮೊದಲೇ ಒಣಗಿದ ತರಗೆಲೆಗೆ ಹಚ್ಚಿ, ನೆಲಮಟ್ಟದಲ್ಲೇ ಓಡಿ ಆರುವ ಬೆಂಕಿ ಅದು. ಅದು ನಿಂತ ಕಾಡಿನಲ್ಲಿ ಲಂಟಾನ ಏರಿತು. 1997 ಮತ್ತು 2008ರ ಸಮೀಕ್ಷೆಗಳ ನಡುವೆ ಅದರ ಹರವು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಲಂಟಾನ ಮುಖ್ಯವಾಗಿ ಕೆಳಗಿನ ಎಲೆಯುದುರುವ ಕಾಡಿನ ಪಿಡುಗು, ನಿಜ. ಆದರೂ ಕೈಬಿಟ್ಟ ಕಾಡು ತಾನೇ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ಅದು ಸುಳ್ಳು ಮಾಡಿದೆ. ಬೆಂಕಿಗೆ ಹೆದರುವ ಅಧಿಕಾರಿಗಳದೂ ಹುಸಿ ಭಯವಲ್ಲ: 2019ರ ಫೆಬ್ರುವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಸುಟ್ಟದ್ದನ್ನು ಈ ಸೀಮೆ ಮರೆತಿಲ್ಲ. ಕುರಿಂಜಿಯಂಥ ಗಿಡವಿರುವಲ್ಲಿ ಹೂಬಿಟ್ಟು ಬೀಜ ಬೀಳುವ ಮೊದಲು ಬೆಂಕಿ ಹೊಕ್ಕರೆ ಹನ್ನೆರಡು ವರ್ಷದ ಬೆಳವಣಿಗೆ ಒಂದೇ ದಿನಕ್ಕೆ ಹೋದೀತು. ಹಾಗಾಗಿ ಎಲ್ಲೆಡೆ ಬೆಂಕಿ ಬೇಕು ಅಥವಾ ಎಲ್ಲೂ ಬೇಡ ಎಂಬೆರಡೂ ಮಾತು ಸಾಲದು. ಯಾವ ಇಳಿಜಾರು, ಯಾವ ವರ್ಷ, ಯಾವ ತಿಂಗಳು ಎಂದು ನೆಲ ಬಲ್ಲವರೊಂದಿಗೆ ಕೂತು ನಿರ್ಧರಿಸಬೇಕು. 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದ ಸೋಲಿಗರನ್ನು ಬಿಟ್ಟು ಆ ನಿರ್ಧಾರ ಮಾಡಲು ಬರುವುದಿಲ್ಲ.

ಪ್ರವಾಸೋದ್ಯಮದಿಂದ ಗಿಡಕ್ಕೆ ಒಳ್ಳೆಯದಾಗುತ್ತದೆ ಎಂಬ ವಾದವೂ ಇದೆ. ಗುಂಡ್ಲುಪೇಟೆಯ ಹೆದ್ದಾರಿ ಬದಿಯ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳಿಗೆ ಮಳೆಗಾಲದಲ್ಲಿ ಕೇರಳದ ಜನ ಮುಗಿಬೀಳುತ್ತಾರೆ, ರೈತರಿಗೂ ನಾಲ್ಕು ಕಾಸು ಸಿಗುತ್ತದೆ. ಅದು ನ್ಯಾಯವಾದ ಸಂಪಾದನೆ. ತುಳಿದು ಹಾಳಾದ ಹೊಲವನ್ನು ಮುಂದಿನ ವರ್ಷ ಮತ್ತೆ ಬಿತ್ತಬಹುದು. ಬೆಟ್ಟದ ಹೂವಿಗೆ ಆ ಅನುಕೂಲವಿಲ್ಲ, ಕಾಯಿ ಕಟ್ಟುವ ಮೊದಲು ತುಳಿದರೆ ಬೀಜವೇ ಇಲ್ಲ. ಖಾಸಗಿ ವಾಹನಗಳನ್ನು ಬುಡದಲ್ಲೇ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಭಕ್ತರನ್ನು ಮೇಲಕ್ಕೆ ಕಳಿಸುವ ಗೋಪಾಲಸ್ವಾಮಿ ಬೆಟ್ಟದ ಕ್ರಮವನ್ನು ಮುಂದಿನ ಹೂವಿನ ವರ್ಷಕ್ಕೆ ಮುಂಚೆ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಕಡೆಯವರೂ ಗಟ್ಟಿಯಾಗಿ ಹಿಡಿಯಬೇಕು.

ಅದಕ್ಕಿಂತ ಮುಖ್ಯವಾದ ಕೆಲಸ ಕಾಗದದಿಂದ ಶುರುವಾಗುತ್ತದೆ. ದೇಶದ ಬಂಜರುಭೂಮಿ ನಕ್ಷೆಗಳಲ್ಲಿ ಎಷ್ಟೋ ಹುಲ್ಲುನೆಲ ಇನ್ನೂ ಬಂಜರಿನ ಲೆಕ್ಕದಲ್ಲೇ ಇದೆ. ಬಂಜರು ಎಂದು ಬರೆದ ಜಾಗದಲ್ಲಿ ಸಸಿ ನೆಡುವುದನ್ನು ಯಾರೂ ಪ್ರಶ್ನಿಸುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಸ್ಥಳೀಯ ಸಂಸ್ಥೆಗಳಿಗೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಮತ್ತು ದಾಖಲಾತಿಯ ಹೊಣೆ ಕೊಟ್ಟಿದೆ. ಬೆಟ್ಟದ ಅಂಚಿನ ಪಂಚಾಯಿತಿಗಳ ಆ ದಾಖಲಾತಿಯಲ್ಲಿ ಹುಲ್ಲು, ನೆಲದ ಸೀತಾಳೆ, ಶೋಲಾದಡಿಯ ಕುರಿಂಜಿ ಬಳಗದ ಗುರಿಗೆ ಪೊದೆಗಳು ಹೆಸರು ಸಮೇತ, ಹೂಬಿಟ್ಟ ವರ್ಷದ ಸಮೇತ ಇರಬೇಕು. ಹರದನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಗಿಡ ಗುರುತಿಸಬಲ್ಲವರಿದ್ದಾರೆ. ಬೆಟ್ಟದಲ್ಲಿ ಸೋಲಿಗರ ಪೋಡುಗಳ ಹಿರಿಯರಿದ್ದಾರೆ. ಇಬ್ಬರೂ ಕೂಡಿ ಹುಲ್ಲಿನ ನಕ್ಷೆ ಬರೆದರೆ, ಎಲ್ಲೆಲ್ಲಿ ಹೊರಗಿನ ಮರದ ಸಸಿ ಕಾಲಿಟ್ಟಿದೆಯೋ ಅದನ್ನು ಕೈಯಿಂದ ಕೀಳಬಹುದಾದ ವಯಸ್ಸಿನಲ್ಲೇ ಕೀಳಬಹುದು. ಬೆಳೆದು ಬೀಜ ಉದುರಿಸಿದ ಮೇಲೆ ಅದೇ ಇಳಿಜಾರಿಗೆ ವರ್ಷವರ್ಷವೂ ಆಳು, ಗರಗಸ, ಅನುದಾನ ಹೊತ್ತು ಹೋಗಬೇಕಾಗುತ್ತದೆ, ನೀಲಗಿರಿಯಲ್ಲೂ ಪಳನಿಯಲ್ಲೂ ಈಗ ಹೋಗುತ್ತಿರುವ ಹಾಗೆ.