ಹಡ್ಸನ್ ಹಾರ್ನೆಟ್‌ನ ಇಕ್ಕಟ್ಟಿನ ದಾರಿ

1952ರಲ್ಲಿ ಅಮೆರಿಕದ ನಾಸ್ಕಾರ್ ಸಂಸ್ಥೆ ತನ್ನ ಗ್ರ್ಯಾಂಡ್ ನ್ಯಾಷನಲ್ ಸರಣಿಯಲ್ಲಿ 34 ರೇಸುಗಳನ್ನು ನಡೆಸಿತು. ಅವುಗಳಲ್ಲಿ 27ನ್ನು ಗೆದ್ದದ್ದು ಡೆಟ್ರಾಯಿಟ್‌ನ ಹಡ್ಸನ್ ಕಂಪನಿಯ ಕಾರುಗಳು. ಆ ವೇಳೆಗೆ ಓಲ್ಡ್ಸ್‌ಮೊಬೈಲ್ ಮತ್ತು ಕ್ಯಾಡಿಲಾಕ್‌ಗಳ ಹೊಸ ಓವರ್‌ಹೆಡ್ ವಾಲ್ವ್ ವಿ-8 ಎಂಜಿನ್‌ಗಳು ಬಂದು ಮೂರು ವರ್ಷವಾಗಿತ್ತು. ಅರ್ಧಗೋಳಾಕಾರದ ದಹನಕೋಣೆಯ ಕ್ರೈಸ್ಲರ್ ವಿ-8 ಹಿಂದಿನ ವರ್ಷ ಮಾರುಕಟ್ಟೆಗೆ ಇಳಿದಿತ್ತು. ಹಡ್ಸನ್ ಹಾರ್ನೆಟ್‌ನ ಬಾನೆಟ್ ಎತ್ತಿದರೆ ಮಾತ್ರ ಕಾಣುತ್ತಿದ್ದುದು ಸಾಲಾಗಿ ನಿಂತ ಆರು ಸಿಲಿಂಡರುಗಳ, ವಾಲ್ವುಗಳು ಪಕ್ಕದಲ್ಲಿರುವ ಹಳೇ ಕಾಲದ ಫ್ಲ್ಯಾಟ್‌ಹೆಡ್ ಎಂಜಿನ್. ಪಿಕ್ಸಾರ್‌ನ ‘ಕಾರ್ಸ್’ ಸಿನಿಮಾ ನೋಡಿದ ಮಕ್ಕಳಿಗೆ ಈ ಕಾರು ಡಾಕ್ ಹಡ್ಸನ್ ಎಂಬ ಹೆಸರಿನಲ್ಲಿ ಪರಿಚಿತ. ಹಳತು ಹೊಸದನ್ನು ಸೋಲಿಸಿದ್ದನ್ನು ಚಾಲಕರ ಎದೆಗಾರಿಕೆಯ ಕಥೆಯಾಗಿ ಹೇಳುವುದು ರೂಢಿ. ಆ ಗೆಲುವಿನ ದೊಡ್ಡ ಪಾಲು ಹೆಡ್ಡಿಗೂ ಬ್ಲಾಕಿಗೂ ನಡುವಿನ ಒಂದಿಷ್ಟು ಖಾಲಿ ಜಾಗಕ್ಕೆ ಸೇರಬೇಕು ಎಂಬುದು ನನ್ನ ಎಣಿಕೆ.

ಈಗಿನ ಎಂಜಿನ್‌ಗಳಲ್ಲಿ ವಾಲ್ವುಗಳು ಪಿಸ್ಟನ್ನಿನ ನೆತ್ತಿಯ ಮೇಲೆ, ಸಿಲಿಂಡರ್ ಹೆಡ್ಡಿನಲ್ಲಿ ತಲೆಕೆಳಗಾಗಿ ಇರುತ್ತವೆ. ಫ್ಲ್ಯಾಟ್‌ಹೆಡ್ಡಿನಲ್ಲಿ ಅವು ಸಿಲಿಂಡರಿನ ಪಕ್ಕಕ್ಕೆ, ಬ್ಲಾಕಿನೊಳಗೇ ನೆಟ್ಟಗೆ ನಿಂತಿರುತ್ತವೆ. ಕ್ಯಾಮ್‌ಶಾಫ್ಟ್ ಅವುಗಳ ಬುಡದಲ್ಲೇ ತಿರುಗುವುದರಿಂದ ಪುಶ್‌ರಾಡ್ ಬೇಡ, ರಾಕರ್ ಬೇಡ. ಹೆಡ್ ಎಂದರೆ ದಪ್ಪ ಎರಕದ ಮುಚ್ಚಳ; ಅದರ ಒಳಮೈಯಲ್ಲಿ ಆರು ತಗ್ಗುಗಳು, ಆರು ಸ್ಪಾರ್ಕ್ ಪ್ಲಗ್ಗುಗಳು, ಅಷ್ಟೇ. ಮಾಡಲು ಅಗ್ಗ, ಸದ್ದು ಕಡಿಮೆ, ಕೆಟ್ಟರೆ ರಸ್ತೆ ಬದಿಯಲ್ಲೇ ಬಿಚ್ಚಿ ಜೋಡಿಸಬಹುದು.

ಈ ಸರಳತೆಗೆ ತೆರಬೇಕಾದ ಬೆಲೆ ಇನ್ನೊಂದೆಡೆ ಇದೆ. ಗಾಳಿ-ಪೆಟ್ರೋಲಿನ ಮಿಶ್ರಣ ವಾಲ್ವಿನಿಂದ ಮೇಲಕ್ಕೆದ್ದು, ಹೆಡ್ಡಿನಡಿ ಅಡ್ಡಕ್ಕೆ ಹರಿದು, ಮತ್ತೆ ಕೆಳಕ್ಕೆ ತಿರುಗಿ ಸಿಲಿಂಡರಿಗೆ ಇಳಿಯಬೇಕು. ಸುಟ್ಟ ಹೊಗೆಗೂ ಇದೇ ದಾರಿ, ಹಿಮ್ಮುಖವಾಗಿ. ಕಂಪ್ರೆಷನ್ ಹೆಚ್ಚಿಸಲು ಹೆಡ್ಡಿನ ತಗ್ಗನ್ನು ಕಿರಿದಾಗಿಸಿದರೆ ದಾರಿ ಇಕ್ಕಟ್ಟಾಗಿ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ದಾರಿ ಅಗಲಿಸಿದರೆ ಕಂಪ್ರೆಷನ್ ಇಳಿಯುತ್ತದೆ. ಫ್ಲ್ಯಾಟ್‌ಹೆಡ್ಡನ್ನು ಚುರುಕುಗೊಳಿಸಲು ಹೊರಟವರೆಲ್ಲ ಕೊನೆಗೆ ಚೌಕಾಸಿ ಮಾಡುವುದು ಈ ಒಂದು ಜಾಗದಲ್ಲಿಯೇ.

ಇದನ್ನು ಮೊದಲು ವಿಜ್ಞಾನವಾಗಿ ನೋಡಿದವರು ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ. 1919ರಲ್ಲಿ ಅವರು ರೂಪಿಸಿದ ಹೆಡ್ಡಿನಲ್ಲಿ ದಹನಕೋಣೆಯ ಬಹುಭಾಗ ವಾಲ್ವುಗಳ ಮೇಲಕ್ಕೆ ಸರಿದಿತ್ತು. ಪಿಸ್ಟನ್ನಿನ ಉಳಿದ ಭಾಗದ ಮೇಲೆ ಹೆಡ್ ಬಹುಮಟ್ಟಿಗೆ ಚಪ್ಪಟೆಯಾಗಿ ಬಂದು ಕೂರುತ್ತಿತ್ತು. ಪಿಸ್ಟನ್ ಮೇಲೆ ಬಂದು ಹೆಡ್ಡಿಗೆ ತಾಗುವಷ್ಟು ಸಮೀಪಿಸಿದಾಗ, ಚಪ್ಪಾಳೆ ತಟ್ಟುವಾಗ ಅಂಗೈಗಳ ನಡುವಿನ ಗಾಳಿ ಬದಿಗೆ ಚಿಮ್ಮುವಂತೆ, ಅಲ್ಲಿನ ಮಿಶ್ರಣ ರಭಸದಿಂದ ಪ್ಲಗ್ಗಿನ ಕಡೆಗೆ ನುಗ್ಗುತ್ತದೆ. ಆ ಕಲಕಾಟದಲ್ಲಿ ಬೆಂಕಿ ಬೇಗ ಹರಡುತ್ತದೆ. ಇನ್ನೊಂದು ಲಾಭವೂ ಇದೆ. ನಾಕಿಂಗ್ ಹುಟ್ಟುವುದು ಜ್ವಾಲೆ ಕೊನೆಗೆ ತಲುಪುವ ಮೂಲೆಯ ಅನಿಲ ಕಾದು ತಾನಾಗಿಯೇ ಸಿಡಿದಾಗ. ಫ್ಲ್ಯಾಟ್‌ಹೆಡ್ಡಿನಲ್ಲಿ ಆ ಮೂಲೆ ಪಿಸ್ಟನ್ನಿನ ಆಚೆ ಬದಿ. ಅಲ್ಲಿ ತೆಳುವಾದ ಪದರವಷ್ಟೇ ಉಳಿದರೆ ಸುತ್ತಲಿನ ಲೋಹವೇ ಅದರ ಶಾಖ ಹೀರಿಕೊಳ್ಳುತ್ತದೆ, ಸಿಡಿಯಲು ಬಿಡುವುದಿಲ್ಲ. ಆ ಸಂದು ಒಂದು ಮಿಲಿಮೀಟರಿನ ಆಸುಪಾಸು ಇದ್ದರೆ ಮಾತ್ರ ಇದೆಲ್ಲ ಕೆಲಸ ಮಾಡುತ್ತದೆ. ಮೂರು ಮಿಲಿಮೀಟರ್ ಆದರೆ ಹೆಚ್ಚುಕಡಿಮೆ ವ್ಯರ್ಥ.

ಈಗ ಹಾರ್ನೆಟ್ಟಿಗೆ ಬರೋಣ. ಅದರ ಎಂಜಿನ್ 308 ಘನ ಇಂಚು, ನಮ್ಮ ಲೆಕ್ಕದಲ್ಲಿ ಸುಮಾರು 5 ಲೀಟರ್. ಬೋರ್ 96.8 ಮಿ.ಮೀ., ಸ್ಟ್ರೋಕ್ 114.3 ಮಿ.ಮೀ. ಒಂದು ಸಿಲಿಂಡರಿನ ಪಾಲಿಗೆ 841 ಸಿಸಿ ಬರುತ್ತದೆ. ಕಂಪ್ರೆಷನ್ ಸುಮಾರು 7.2 ಎಂದರೆ ಪಿಸ್ಟನ್ ಮೇಲ್ತುದಿಯಲ್ಲಿರುವಾಗ ಉಳಿಯುವ ಜಾಗ 136 ಸಿಸಿ. ಇದನ್ನು 8ಕ್ಕೆ ಏರಿಸಲು ಆ ಜಾಗ 120 ಸಿಸಿಗೆ ಇಳಿಯಬೇಕು. ಹೆಡ್ಡನ್ನು ಮಿಲ್ಲಿಂಗ್‌ಗೆ ಕೊಟ್ಟು ಅಷ್ಟು ತೆಗೆಸುವುದು ಕಷ್ಟವಲ್ಲ, ಹೊಸಬರು ಮೊದಲು ಮಾಡುವುದೂ ಅದನ್ನೇ. ಆದರೆ ಆದರ್ಶ ಒಟ್ಟೊ ಚಕ್ರದ (Otto cycle) ಸೂತ್ರಕ್ಕೆ ಈ ಸಂಖ್ಯೆಗಳನ್ನು ಹಾಕಿ ನೋಡಿ. 7.2ರಲ್ಲಿ ದಕ್ಷತೆ ಶೇ 54.6, 8ರಲ್ಲಿ ಶೇ 56.5. ನಿಜವಾದ ಎಂಜಿನ್ನಿಗೆ ದಕ್ಕುವುದು ಇದರ ಅರ್ಧದಷ್ಟು ಇರಬಹುದು, ಆದರೂ ಅನುಪಾತ ಅದೇ. ಅಂದರೆ ಗಳಿಕೆ ಶೇ 3ರಿಂದ 4. 145 ಎಚ್‌ಪಿಯ ಎಂಜಿನ್ನಿಗೆ ಐದು ಎಚ್‌ಪಿ ಸೇರಿದರೆ ಹೆಚ್ಚು. ಆ ಐದಕ್ಕಾಗಿ ಉಸಿರಿನ ದಾರಿ ಮುಚ್ಚಿಕೊಂಡರೆ ಹತ್ತು ಕಳೆದುಕೊಳ್ಳುವ ಸಾಧ್ಯತೆಯೇ ಜಾಸ್ತಿ.

ಹಾಗಾಗಿ ತಿಳಿದವರು ಮೊದಲು ಅಳೆಯುತ್ತಾರೆ. ಹೆಡ್ಡನ್ನು ಮೇಜಿನ ಮೇಲೆ ಮಲಗಿಸಿ, ಪ್ಲಗ್ ಬಿಗಿದು, ತಗ್ಗಿನ ಮೇಲೆ ಗ್ರೀಸ್ ಸವರಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಒತ್ತುತ್ತಾರೆ. ಹಾಳೆಯ ತೂತಿನ ಮೂಲಕ ಬ್ಯೂರೆಟ್‌ನಿಂದ ಸೀಮೆಎಣ್ಣೆ ಇಳಿಸುತ್ತಾರೆ. ಗುಳ್ಳೆ ಉಳಿಯದಂತೆ ತುಂಬಿದಾಗ ಬ್ಯೂರೆಟ್ ತೋರಿಸುವ ಅಂಕಿಯೇ ಆ ತಗ್ಗಿನ ಗಾತ್ರ. ಆರು ತಗ್ಗುಗಳೂ ಒಂದೇ ಅಂಕಿ ತೋರಿಸುವುದು ಅಪರೂಪ; ಎರಕದಲ್ಲಿ ವ್ಯತ್ಯಾಸ ಬಂದೇ ಬರುತ್ತದೆ. ಚಿಕ್ಕದನ್ನು ಕೆರೆದು ದೊಡ್ಡದಕ್ಕೆ ಸಮ ಮಾಡಿದರೆ ಆರೂ ಸಿಲಿಂಡರುಗಳು ಒಂದೇ ಸಮ ದುಡಿಯುತ್ತವೆ. ಆಮೇಲೆ ಮಕ್ಕಳ ಆಟದ ಕ್ಲೇ. ಪಿಸ್ಟನ್ನಿನ ಮೇಲೂ ವಾಲ್ವುಗಳ ಮೇಲೂ ಒಂದೊಂದು ಉಂಡೆ ಅಂಟಿಸಿ, ಗ್ಯಾಸ್ಕೆಟ್ ಇಟ್ಟು ಹೆಡ್ ಬಿಗಿದು, ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸುತ್ತಾರೆ. ಹೆಡ್ ಬಿಚ್ಚಿ, ಚಪ್ಪಟೆಯಾದ ಕ್ಲೇಯನ್ನು ಬ್ಲೇಡಿನಿಂದ ಸೀಳಿ, ದಪ್ಪ ಅಳೆಯುತ್ತಾರೆ. ರಿಕಾರ್ಡೊ ಹೇಳಿದ ಸಂದು ಎಷ್ಟಿದೆ, ಪೂರ್ತಿ ತೆರೆದ ವಾಲ್ವು ಹೆಡ್ಡಿಗೆ ತಾಗದೆ ಎಷ್ಟು ಅಂತರದಲ್ಲಿದೆ ಎಂಬುದೆಲ್ಲ ಆ ಹೋಳಿನಲ್ಲೇ ಕಾಣುತ್ತದೆ. ಈ ಎಂಜಿನ್ನಿನ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಅಳತೆ ಇದು.

ಬ್ಲಾಕಿನ ಕಡೆಗೆ ಬಂದರೆ ‘ರಿಲೀವಿಂಗ್’ ಎಂಬ ಕೆಲಸವಿದೆ: ವಾಲ್ವಿಗೂ ಸಿಲಿಂಡರಿಗೂ ನಡುವಿನ ಏಣನ್ನು ಅರೆದು ಇಳಿಜಾರು ಮಾಡುವುದು. ಮಿಶ್ರಣಕ್ಕೆ ದಾರಿ ಸಲೀಸಾಗುತ್ತದೆ, ಆದರೆ ಅರೆದ ಪ್ರತಿ ಸಿಸಿಯೂ ದಹನಕೋಣೆಗೆ ಸೇರಿ ಕಂಪ್ರೆಷನ್ ಇಳಿಸುತ್ತದೆ. ಒಮ್ಮೆ ಅರೆದರೆ ಹಿಂದಿರುಗಿ ತುಂಬಲು ಬಾರದು. ಬೀದಿಯಲ್ಲಿ ಓಡುವ ಕಾರಿಗೆ ಇದು ಬೇಡವೆಂದೇ ನನ್ನ ಅಭಿಪ್ರಾಯ. ಸದಾ ಹೆಚ್ಚು ವೇಗದಲ್ಲಿ ತಿರುಗುವ ರೇಸ್ ಎಂಜಿನ್ನಿಗೆ ಮಾತ್ರ ಇದರಿಂದ ಲಾಭ.

ಉಸಿರಾಟ ಸುಧಾರಿಸಲು ಆರು ಸಿಲಿಂಡರಿನ ಸಾಲಿಗೆ ಹುಟ್ಟಿನಿಂದಲೇ ಒಂದು ಅನುಕೂಲವಿದೆ. ಕಿಡಿ ಹಾರುವ ಕ್ರಮ 1-5-3-6-2-4. ಮುಂದಿನ ಮೂರು ಸಿಲಿಂಡರು ಒಂದು ಗುಂಪು, ಹಿಂದಿನ ಮೂರು ಇನ್ನೊಂದು ಗುಂಪು ಎಂದುಕೊಂಡು ಈ ಕ್ರಮವನ್ನು ಓದಿ: ಮುಂದೆ, ಹಿಂದೆ, ಮುಂದೆ, ಹಿಂದೆ. ತಪ್ಪದೆ ಸರದಿ. ಒಂದೇ ಮ್ಯಾನಿಫೋಲ್ಡ್ ಇದ್ದರೆ ಕ್ರ್ಯಾಂಕಿನ ಪ್ರತಿ 120 ಡಿಗ್ರಿಗೆ ಒಂದು ಸಿಲಿಂಡರಿನ ಹೊಗೆ ಹೊರಬಂದು, ಇನ್ನೂ ಖಾಲಿಯಾಗುತ್ತಿರುವ ಹಿಂದಿನ ಸಿಲಿಂಡರಿನ ಹೊಗೆಯನ್ನು ಅಡ್ಡಗಟ್ಟುತ್ತದೆ. ಮ್ಯಾನಿಫೋಲ್ಡನ್ನು ನಡುವೆ ಕತ್ತರಿಸಿ ಎರಡು ಪೈಪ್ ಹಾಕಿದರೆ ಒಂದೊಂದು ಪೈಪಿನಲ್ಲಿ ಆ ಅಂತರ 240 ಡಿಗ್ರಿ. ಎಕ್ಸಾಸ್ಟ್ ವಾಲ್ವು ತೆರೆದಿರುವ ಅವಧಿಯೂ ಹೆಚ್ಚುಕಡಿಮೆ ಅಷ್ಟೇ, ಹಾಗಾಗಿ ಜಗಳವೇ ಇಲ್ಲ. ಕಾರ್ಬ್ಯುರೇಟರಿಗೂ ಇದೇ ತರ್ಕ. ಹಡ್ಸನ್ ‘ಟ್ವಿನ್ ಎಚ್-ಪವರ್’ ಎಂದು ಮಾರಿದ್ದು ಎರಡು ಸಿಂಗಲ್ ಬ್ಯಾರೆಲ್ ಕಾರ್ಬ್ಯುರೇಟರುಗಳನ್ನು. ತುದಿಯ ಸಿಲಿಂಡರುಗಳು ಒಂದೇ ಕಾರ್ಬ್ಯುರೇಟರಿನಿಂದ ದೂರ ಉಳಿದು ಅರೆಹೊಟ್ಟೆಯಲ್ಲಿ ಓಡುವುದು ಅದರಿಂದ ತಪ್ಪಿತು.

ಶಾಖದ ತೊಂದರೆ ಬೇರೆಯೇ. ಎಕ್ಸಾಸ್ಟಿನ ದಾರಿ ಬ್ಲಾಕಿನೊಳಗೇ ಹಾದುಹೋಗುವುದರಿಂದ ಸುತ್ತಲಿನ ನೀರು ಆ ಬಿಸಿಯನ್ನೆಲ್ಲ ಹೊರಬೇಕು. ಕ್ರೈಸ್ಲರ್ ಬಳಗದ ಫ್ಲ್ಯಾಟ್‌ಹೆಡ್ ಸಿಕ್ಸ್‌ಗಳಲ್ಲಿ ಇದಕ್ಕೊಂದು ಜಾಣ ಉಪಾಯವಿತ್ತು: ವಾಟರ್ ಪಂಪಿನ ಹಿಂದೆ, ಬ್ಲಾಕಿನ ಉದ್ದಕ್ಕೂ ತೂರಿದ ತಗಡಿನ ಕೊಳವೆ. ಅದರ ತೂತುಗಳಿಂದ ತಣ್ಣೀರು ನೇರವಾಗಿ ಎಕ್ಸಾಸ್ಟ್ ವಾಲ್ವುಗಳ ಸೀಟಿನ ಬಳಿಗೆ ಹೋಗುತ್ತದೆ. ಮುಂಬೈಯ ಪ್ರೀಮಿಯರ್ ಆಟೊಮೊಬೈಲ್ಸ್ ಕ್ರೈಸ್ಲರ್ ಸಹಯೋಗದಲ್ಲಿ ಜೋಡಿಸಿದ ಡಾಜ್, ಪ್ಲಿಮತ್ ಕಾರುಗಳು, ಫಾರ್ಗೋ ಲಾರಿಗಳ ಮೂಲಕ ಈ ಬಳಗದ ಎಂಜಿನ್ ನಮ್ಮ ರಸ್ತೆಗಳಿಗೂ ಬಂತು. ಹಳೆಯ ಡಾಜ್ ಒಂದನ್ನು ಎಬ್ಬಿಸಿ ಓಡಿಸಲು ಹೊರಟವರು ಮೊದಲು ಎಳೆದು ನೋಡಬೇಕಾದದ್ದು ಈ ಕೊಳವೆ. ಹೊರಗಿಂದ ಕಾಣದ ಇದು ಒಳಗೇ ತುಕ್ಕು ತಿಂದು ಹೋಗಿರುತ್ತದೆ. ಮುಂದಿನ ಸಿಲಿಂಡರುಗಳು ತಣ್ಣಗೆ, ಹಿಂದಿನವು ಕೆಂಡ, ರೇಡಿಯೇಟರಿನ ಮೀಟರು ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ. ಕೊನೆಗೆ ಹಿಂಬದಿಯ ವಾಲ್ವು ಸುಡುತ್ತದೆ.

ಟ್ಯಾಪೆಟ್ ಸೆಟ್ಟಿಂಗ್ ಅನ್ನು ಎಂಜಿನ್ ಬಿಸಿಯಾಗಿರುವಾಗಲೇ ಮಾಡುವುದು ರೂಢಿ, ಸಾಮಾನ್ಯವಾಗಿ ಹತ್ತು ಥೌ, ಅಂದರೆ ಕಾಲು ಮಿಲಿಮೀಟರ್. ಫೀಲರ್ ಗೇಜ್ ಎಲ್ಲೂ ತೂರದಂತೆ ಬಿಗಿ ಮಾಡಿದರೆ ವಾಲ್ವು ಸೀಟಿನ ಮೇಲೆ ಪೂರ್ತಿ ಕೂರದೆ ಶಾಖ ಬಿಟ್ಟುಕೊಡುವುದಿಲ್ಲ. ತುಸು ಸದ್ದು ಮಾಡುವ ಟ್ಯಾಪೆಟ್ಟೇ ಮೇಲು. ಟೈಮಿಂಗ್ ಹಿಡಿಯಲು ವ್ಯಾಕ್ಯೂಮ್ ಗೇಜ್ ನೆಚ್ಚಬಹುದಾದ ಸಂಗಾತಿ. ಆದರೆ ಸಮುದ್ರಮಟ್ಟದ ಪುಸ್ತಕದಂಕಿಗೆ ಹೋಲಿಸಿದರೆ, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಮುಳ್ಳು ಪಾದರಸದ ಲೆಕ್ಕದಲ್ಲಿ ಸುಮಾರು ಮೂರು ಇಂಚು ಕೆಳಗೆ ನಿಲ್ಲುವುದು ಸಹಜ, ದೋಷವಲ್ಲ.

ಹಡ್ಸನ್‌ನ ಎಂಜಿನಿಯರ್ ವಿನ್ಸ್ ಪಿಗಿನ್ಸ್, ಡೇಟೋನಾದ ಮೆಕ್ಯಾನಿಕ್ ಸ್ಮೋಕಿ ಯೂನಿಕ್ ಅವರಂಥವರು ಮಾಡಿದ್ದು ಈ ಎಲ್ಲವನ್ನೂ ಒಟ್ಟಿಗೆ. ದೊಡ್ಡ ವಾಲ್ವು, ಅರೆದ ಬ್ಲಾಕು, ಬೇರೆ ಕ್ಯಾಮ್, ಏರಿಸಿದ ಕಂಪ್ರೆಷನ್ನಿನ ಹೆಡ್, ಎರಡು ಎಕ್ಸಾಸ್ಟ್. ‘ಕಠಿಣ ಬಳಕೆ’ಯ ಬಿಡಿಭಾಗಗಳೆಂದು ಕಂಪನಿಯೇ ಇವುಗಳನ್ನು ಮಾರುತ್ತಿತ್ತು. ‘7-ಎಕ್ಸ್’ ಎಂದು ಹೆಸರಾದ ಈ ಎಂಜಿನ್ ಸುಮಾರು 210 ಎಚ್‌ಪಿ ಕೊಡುತ್ತಿತ್ತು. 145ರಿಂದ ಶೇ 45ರಷ್ಟು ಏರಿಕೆ. ನೆಲಕ್ಕೆ ಹತ್ತಿರವಾದ ಹಡ್ಸನ್ ಚಾಸಿಯ ಪಾಲನ್ನೂ ಮರೆಯಬಾರದು, ತಿರುವುಗಳಲ್ಲಿ ಅದು ಬೇರೆಯವರಿಗಿಂತ ಗಟ್ಟಿಯಾಗಿ ನಿಲ್ಲುತ್ತಿತ್ತು. ಆದರೆ ಎಂಜಿನ್ ಗೆದ್ದದ್ದಕ್ಕೆ ಕಾಲವೂ ಜೊತೆಗೂಡಿತ್ತು. ಓಲ್ಡ್ಸ್‌ಮೊಬೈಲ್‌ನ ವಿ-8 ಕೂಡ ಆರಂಭದಲ್ಲಿ ಸುಮಾರು 7.25ರ ಕಂಪ್ರೆಷನ್ನಿನಲ್ಲೇ ಓಡುತ್ತಿತ್ತು, ಏಕೆಂದರೆ ಅಂದಿನ ಸಾಮಾನ್ಯ ಪೆಟ್ರೋಲ್ ಅದಕ್ಕಿಂತ ಬಹಳ ಹೆಚ್ಚಿಗೆ ತಡೆಯುತ್ತಿರಲಿಲ್ಲ. ಅಷ್ಟು ಕಂಪ್ರೆಷನ್ನಿನಲ್ಲಿ ಫ್ಲ್ಯಾಟ್‌ಹೆಡ್ಡಿನ ದಾರಿ ಇನ್ನೂ ಉಸಿರಾಡುವಷ್ಟು ತೆರೆದಿತ್ತು. ಪೆಟ್ರೋಲಿನ ಆಕ್ಟೇನ್ ಏರುತ್ತಿದ್ದಂತೆ ಓವರ್‌ಹೆಡ್ ವಾಲ್ವಿನವರು ಅದರ ಜೊತೆಗೇ ಏರಿದರು, ಹಡ್ಸನ್‌ಗೆ ಏರಲಾಗಲಿಲ್ಲ. 1954ರಲ್ಲಿ ಕಂಪನಿ ನ್ಯಾಶ್ ಜೊತೆ ವಿಲೀನವಾಯಿತು. 1952ರಲ್ಲಿ ಹಡ್ಸನ್ ಓಡಿಸಿ ಚಾಂಪಿಯನ್ ಆಗಿದ್ದ ಟಿಮ್ ಫ್ಲಾಕ್, 1955ರಲ್ಲಿ ಮತ್ತೆ ಪಟ್ಟ ಗೆದ್ದದ್ದು 8.5ರ ಕಂಪ್ರೆಷನ್ನಿನ, 300 ಎಚ್‌ಪಿಯ ಕ್ರೈಸ್ಲರ್‌ನಲ್ಲಿ.

ಇಂದು ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಹತ್ತರ ಕಂಪ್ರೆಷನ್ನೂ ಕಷ್ಟವಲ್ಲ. ಹಾಗಿದ್ದರೂ ಫ್ಲ್ಯಾಟ್‌ಹೆಡ್ ಕಟ್ಟುವವರಲ್ಲಿ ಹೆಚ್ಚಿನವರು 8ರ ಆಸುಪಾಸಿನಲ್ಲಿ ನಿಲ್ಲಿಸಿ, ಉಳಿದ ಹಣವನ್ನು ಕ್ಯಾಮ್ ಮತ್ತು ಎಕ್ಸಾಸ್ಟಿನ ಮೇಲೆ ಹಾಕುತ್ತಾರೆ. ಎಥನಾಲ್ ಬೆರೆತ ನಮ್ಮ ಇ-20 ಇಂಧನಕ್ಕಾದರೆ ಕಾರ್ಬ್ಯುರೇಟರಿನ ಜೆಟ್ಟನ್ನು ತುಸು ದೊಡ್ಡದು ಮಾಡಲೇಬೇಕು. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕು, ಹಾಗಾಗಿ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ ಮತ್ತಷ್ಟು ಕಾಯುತ್ತದೆ, ಆ ಬಿಸಿ ಮೊದಲು ತಟ್ಟುವುದು ಎಕ್ಸಾಸ್ಟ್ ವಾಲ್ವುಗಳಿಗೆ.