ಕಾಸೆಲ್ ನಿಲ್ದಾಣದ ತುದಿಯಲ್ಲಿ ಪಾವೆಲ್ ಹಾಸ್

ಜರ್ಮನಿಯ ಕಾಸೆಲ್ ಊರಿನ ಹಳೆಯ ಮುಖ್ಯ ರೈಲು ನಿಲ್ದಾಣದಲ್ಲಿ ಮೊದಲಿನ ಗದ್ದಲವಿಲ್ಲ. ದೂರದೂರಿನ ವೇಗದ ರೈಲುಗಳು 1991ರಿಂದ ವಿಲ್ಹೆಲ್ಮ್ಸ್‌ಹ್ಯೋಹೆ ನಿಲ್ದಾಣದ ಪಾಲಾಗಿವೆ. ಇಲ್ಲಿ ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದು ನಿಂತರೆ, 2012ರಲ್ಲಿ ಹಳಿಗಳ ಆಚೆಯಿಂದ ಚೆಲ್ಲೋದ ಒಂದೇ ಒಂದು ಸ್ವರ ಬರುತ್ತಿತ್ತು. ಆಮೇಲೆ ಮೌನ. ಸ್ವಲ್ಪ ಹೊತ್ತಿಗೆ ಬೇರೊಂದು ದಿಕ್ಕಿನಿಂದ ವಿಯೋಲಾ.

ಆ ವರ್ಷದ ಡಾಕ್ಯುಮೆಂಟಾ ಕಲಾಮೇಳಕ್ಕಾಗಿ ಸ್ಕಾಟ್ಲೆಂಡಿನ ಕಲಾವಿದೆ ಸೂಸನ್ ಫಿಲಿಪ್ಸ್ ರೂಪಿಸಿದ್ದ ಧ್ವನಿಕೃತಿಯದು. ಮೂಲ ಸಂಗೀತ ಪಾವೆಲ್ ಹಾಸ್‌ನದು. 1899ರಲ್ಲಿ ಚೆಕ್ ನಾಡಿನ ಬ್ರನೋದಲ್ಲಿ ಹುಟ್ಟಿದ ಯಹೂದಿ, ಸಂಗೀತ ರಚನಕಾರ ಯಾನಾಚೆಕ್‌ನ ಶಿಷ್ಯ. ಹೆಂಡತಿ, ಮಗಳು ನಾಜಿಗಳಿಂದ ಉಳಿಯಲೆಂದು ವಿಚ್ಛೇದನ ಪಡೆದವನು. ತೆರೆಜಿನ್ ಶಿಬಿರದಲ್ಲಿ ಬಂದಿಯಾಗಿದ್ದಾಗ, 1943ರಲ್ಲಿ, ತಂತಿವಾದ್ಯಗಳಿಗಾಗಿ ಈ ಸಂಗೀತ ರಚಿಸಿದ. ಮರುವರ್ಷ ನಾಜಿಗಳು ತಮ್ಮ ಪ್ರಚಾರ ಚಿತ್ರಕ್ಕಾಗಿ ಬಂದಿಗಳೇ ಇದನ್ನು ನುಡಿಸುವಂತೆ ಮಾಡಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಹಾಸ್‌ನನ್ನು ಆಶ್ವಿಟ್ಸ್‌ನಲ್ಲಿ ಕೊಂದರು. ವಾದ್ಯವೃಂದ ನಡೆಸಿದ್ದ ಕಾರೆಲ್ ಆಂಚೆರ್ಲ್ ಬದುಕಿ ಬಂದು, ಬಿಡಿ ಹಾಳೆಗಳಿಂದ ಕೃತಿಯನ್ನು ಮತ್ತೆ ಜೋಡಿಸಿದ.

ಫಿಲಿಪ್ಸ್ ಇಟ್ಟುಕೊಂಡದ್ದು ಒಂದು ವಿಯೋಲಾ, ಒಂದು ಚೆಲ್ಲೋ ಮಾತ್ರ. ಕಛೇರಿಯಲ್ಲಿ ಹಾಡುಗಾರರೂ ಮೃದಂಗದವರೂ ಎದ್ದುಹೋಗಿ, ಪಿಟೀಲಿನವರು ತಮ್ಮ ಸರದಿ ಬಂದಾಗಷ್ಟೇ ನುಡಿಸಿದ ಹಾಗೆ. ಇಪ್ಪತ್ತನಾಲ್ಕು ವಾಹಿನಿಗಳಲ್ಲಿ ಸ್ವರಗಳು ಹಂಚಿಹೋಗಿದ್ದವು. ಎರಡು ಸ್ವರಗಳ ನಡುವಿನ ತೆರಪಿನಲ್ಲೇ ಇಲ್ಲದವರ ಲೆಕ್ಕ ಸಿಗುತ್ತಿತ್ತು. ನಾನು ನಿಂತಿದ್ದಾಗ ಲೋಕಲ್ ರೈಲೊಂದು ಬಂದು ಚೆಲ್ಲೋವನ್ನು ನುಂಗಿತು. ಅದೂ ಕೃತಿಗೆ ಸೇರಿದ್ದೇ ಅನ್ನಿಸಿತು. ಏಕೆಂದರೆ 1941, 42ರಲ್ಲಿ ಕಾಸೆಲ್ ಸೀಮೆಯ ಯಹೂದಿಗಳನ್ನು ರೀಗಾಕ್ಕೆ, ಮಾಯ್ದಾನೆಕ್ ಮತ್ತು ಸೋಬಿಬೋರ್ ಶಿಬಿರಗಳಿಗೆ, ಹಾಸ್ ಇದ್ದ ಅದೇ ತೆರೆಜಿನ್‌ಗೆ ಸಾಗಿಸಿದ್ದು ಈ ನಿಲ್ದಾಣದಿಂದಲೇ.

ನಿಲ್ದಾಣದಲ್ಲಿ ಇನ್ನೊಂದು ಸ್ಮಾರಕವಿದೆ. ಸಂಗೀತಕ್ಕೆ ಬಂದವರು ಅದನ್ನು ದಾಟಿಹೋಗುವುದನ್ನು ನೋಡಿ ಬೇಸರವಾಯಿತು. ಹಳೆಯ ಲಗೇಜು ಗಾಡಿಯ ಮೇಲೆ ಕಲ್ಲುಗಳ ರಾಶಿ. ಕಲಾವಿದ ಹೋರ್ಸ್ಟ್ ಹೋಹೈಸೆಲ್ ಊರಿನ ಶಾಲಾಮಕ್ಕಳಿಗೆ ಹೇಳಿದ ಕೆಲಸವಿದು: ಕಾಣೆಯಾದ ಒಬ್ಬ ಯಹೂದಿಯ ಬದುಕನ್ನು ವಿಚಾರಿಸಿ ತಿಳಿದು, ಹಾಳೆಯಲ್ಲಿ ಬರೆದು, ಕಲ್ಲಿಗೆ ಸುತ್ತಿ ಇಡಬೇಕು. ಮುಷ್ಟಿಯಷ್ಟು ಕಲ್ಲು, ಅದರ ಮೈಗೆ ಮಗುವಿನ ಅಕ್ಷರ. ನನಗೆ ಹಾಸ್‌ನ ಸ್ವರಗಳಷ್ಟೇ ಇದೂ ಮುಖ್ಯ.

ಹೆಚ್ಚಿನವರು ಎರಡು ನಿಮಿಷ ಕೇಳಿ, ಮೌನ ಬಂದೊಡನೆ ಮುಗಿಯಿತೆಂದು ಹೊರಡುತ್ತಿದ್ದರು. ಹಾಗೆ ಮಾಡದೆ ಪೂರ್ತಿ ನಿಲ್ಲಬೇಕಿತ್ತು. ಮೇಳ 2012ರ ಸೆಪ್ಟೆಂಬರ್ 16ಕ್ಕೆ ಮುಗಿಯಿತು. ಫ್ರಾಂಕ್‌ಫರ್ಟ್ ಕಡೆಯ ಕನ್ನಡಿಗರಿಗೆ ಕಲ್ಲುಗಳ ಆ ಸ್ಮಾರಕ ನೋಡಲು ಕಾಸೆಲ್ ಒಂದೇ ದಿನದಲ್ಲಿ ಹೋಗಿಬರುವಷ್ಟು ಹತ್ತಿರ.